ಹಡಗು ಹತ್ತದ ಟಗರು

ಲತಾಮಣಿ ದೊಡ್ಡ ಟಗರಿನ ಕಿವಿ ಹಿಡಿದು ನೋಡಿದಳು. ಎಡಗಿವಿಯ ಅಂಚು ಒಂದು ಬೆರಳಿನಷ್ಟು ಸೀಳಿತ್ತು, ಗಾಯ ಇನ್ನೂ ಹಸಿ. ಮೇಲೆ ಅರಿಶಿನ ಬೇರೆ ಮೆತ್ತಿತ್ತು. ಅರಿಶಿನ ಅಂದಮೇಲೆ ಅತ್ತೆ ಮುತ್ತಮ್ಮನದೇ ಕೈವಾಡ.

ಕಿವಿ ಸೀಳಿ ಗುರುತು ಮಾಡುವುದು ಜಾವಗಲ್ ಕಡೆ ಮುತ್ತಜ್ಜನ ಕಾಲದ ರೂಢಿ. ಮಂದೆಗೆ ಮಂದೆ ಬೆರೆತರೂ ತಕರಾರಿರುವುದಿಲ್ಲ. ಆದರೆ ಈ ಟಗರುಗಳು ಹೊರಟಿದ್ದು ಸಂತೆಗಲ್ಲ. ಬಕ್ರೀದಿಗೆಂದು ಹಡಗಿನಲ್ಲಿ ಅರಬ್ ದೇಶಕ್ಕೆ. ಬಲಿಗೆ ಊನವಿಲ್ಲದ ಪ್ರಾಣಿಯೇ ಆಗಬೇಕು, ಕಿವಿ ಹರಿದದ್ದನ್ನು ಅವರು ಮುಟ್ಟುವುದಿಲ್ಲ. ಊರಿನ ಮಾಂಸದಂಗಡಿಯ ಬೆಲೆಗೂ ಹಡಗಿನ ಬೆಲೆಗೂ ಅಜಗಜಾಂತರ. ಆ ಬೆಲೆ ನಂಬಿಯೇ ಲತಾಮಣಿ ಹೊಸ ಮನೆಗೆ ಗೋಡೆ ಎಬ್ಬಿಸಿದ್ದಳು. ಗೋಡೆ ಎದ್ದು ವರ್ಷವಾದರೂ ತಾರಸಿ ಬಿದ್ದಿರಲಿಲ್ಲ.

"ಕಿವಿ ಮುಟ್ಟಬ್ಯಾಡಿ ಅಂತ ಎಷ್ಟ್ ಸಲ ಬಡ್ಕೊಂಡೆ ಅತ್ತೆ! ಎಲ್ಲಾದುಕ್ಕೂ ಕುಯ್ದಿದ್ದೀರಾ?"

ಮುತ್ತಮ್ಮ ಬಾಯ್ತುಂಬ ಎಲೆಯಡಿಕೆ ಜಗಿಯುತ್ತ ಮುಖ ತಿರುಗಿಸಿದಳು. ಮುದುಕಿಯ ಹಟ ಊರಿಗೆಲ್ಲ ಗೊತ್ತು. ಉಳಿದವನ್ನು ನೋಡೋಣವೆಂದರೆ ಅಷ್ಟರಲ್ಲಿ ಲಾರಿ ಬಂದೇಬಿಟ್ಟಿತು.

ಹಡಗಿನ ಕಂಪನಿಯ ಪರವಾಗಿ ಕೊಳ್ಳುವ ಚಿದಂಬರ ಕೊಟ್ಟಿಗೆಗೆ ನುಗ್ಗಿ ಒಂದೊಂದರ ಹಲ್ಲು, ಕೊಂಬು, ಕಿವಿ ತಡವತೊಡಗಿದ. ಲತಾಮಣಿ ಸೆರಗು ಕಚ್ಚಿ ನಿಂತಳು. ಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದಳು.

"ಇದೊಂದು ಆಗಾಕಿಲ್ಲ," ಎಂದು ಚಿದಂಬರ ದೊಡ್ಡ ಟಗರನ್ನು ಪಕ್ಕಕ್ಕೆ ತಳ್ಳಿದ. "ಮಿಕ್ಕಿದ್ದೆಲ್ಲ ಚೆನ್ನಾಗವೆ. ಹತ್ತುಸ್ರೋ!"

ಹೋದ ಜೀವ ಬಂದಂತಾಯಿತು. ಲತಾಮಣಿ ಕಚ್ಚಿದ್ದ ಸೆರಗು ಬಿಟ್ಟಳು. ಗಂಡ ಸ್ವಾಮಿ ಟಗರು ಹತ್ತಿಸುತ್ತಲೇ, "ತಾರಸಿ ಆಯ್ತು ಕಣೆ!" ಎಂದು ಕೂಗಿದ.

ಲಾರಿ ಅರಸೀಕೆರೆ ರಸ್ತೆ ಹಿಡಿಯಿತು. ಆಗ ಅವಳು ಅತ್ತೆಯ ಕಡೆ ತಿರುಗಿದಳು.

"ಅದೊಂದುಕ್ಕೇ ಯಾಕೆ ಕುಯ್ದ್ರಿ?"

"ಬೀಜಕ್ಕೊಂದು ಬುಡ್ರಿ, ಬುಡ್ರಿ ಅಂದೆ. ಗಂಡ ಹೆಂಡ್ತಿ ಇಬ್ರೂ ಕಿವಿಗಾಕಂಡ್ರಾ?" ಮುತ್ತಮ್ಮ ಎಲೆಯಡಿಕೆ ಉಗಿದಳು. "ಬಲವಾಗಿರೋವೆಲ್ಲ ಹಡಗು ಹತ್ತುದ್ರೆ, ಮುಂದ್ಲೊರ್ಸ ಹೆಣ್ ಕುರಿಗೆ ಮರಿ ಯಾರೇ ಕೊಡ್ತಾರೆ, ನಾನಾ?"

ಲತಾಮಣಿಗೆ ನಗು ಒತ್ತರಿಸಿಕೊಂಡು ಬಂತು. ಎಲ್ಲಾ ಟಗರಿಗೂ ಎಂದು ಬೇಯಿಸಿದ್ದ ಹುರುಳಿಯ ಬುಟ್ಟಿ ತಂದು ದೊಡ್ಡ ಟಗರಿನ ಮುಂದೆ ಸುರಿದಳು. ಅದು ಲಾರಿ ಹೋದ ದಿಕ್ಕಿಗೆ ಒಮ್ಮೆ ಅರಚಿ, ಮುಸುಡಿ ತಗ್ಗಿಸಿ ತಿನ್ನತೊಡಗಿತು.