ಅವರೆ ಹೊಲದ ಕೆಳಗಿನ ಗ್ಯಾಸು

ಹನುಮಂತರಾಜುವಿಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಎರಡು ಹೆಸರು. ಆಫೀಸಿನಲ್ಲಿ ಹ್ಯಾಂಕ್, ಕನ್ನಡದವರ ನಡುವೆ ಗ್ಯಾಸ್ ರಾಜು. ಮೊದಲನೆಯದನ್ನು ನಾಲಿಗೆ ಹೊರಳದ ಸಹೋದ್ಯೋಗಿಗಳು ಇಟ್ಟರು. ಎರಡನೆಯದನ್ನು ಅವನು ಸ್ವಂತ ಪರಿಶ್ರಮದಿಂದ ಸಂಪಾದಿಸಿದ್ದ. ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿ, ಪ್ರಸಾದ ಕೈಗೆ ಬೀಳುವುದರೊಳಗೆ ಮಾತು ರಿಯೊ ವಿಸ್ತಾದ ಅವನ ಜಮೀನಿಗೆ ಬಂದು, ಜಮೀನಿನಿಂದ ಅದರ ಕೆಳಗಿನ ಗ್ಯಾಸಿಗೆ ಇಳಿದುಬಿಡುತ್ತಿತ್ತು. ಹೆಂಡತಿ ಹೇಮಶ್ರೀ ಅಡುಗೆಮನೆಯಿಂದಲೇ ಕೇಳಿಸಿಕೊಂಡು, ಇನ್ನೇನು ರಾಯಲ್ಟಿ ಎನ್ನುತ್ತಾರೆ ಎಂದುಕೊಳ್ಳುವಳು. ಅಷ್ಟರಲ್ಲಿ ಅವನು ಅಂದೇಬಿಡುತ್ತಿದ್ದ.

ಡಾಟ್‌ಕಾಮ್ ಕಂಪನಿಗಳ ಷೇರು ಹೇಳಕೇಳುವವರಿಲ್ಲದೆ ಏರುತ್ತಿದ್ದ ಕಾಲ ಅದು. ಉಳಿದವರು ಒಂದಷ್ಟು ಷೇರು ಮಾರಿ ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕದ ಮನೆ ಕೊಂಡರೆ, ಮದ್ದೂರಿನ ಹನುಮಂತರಾಜು ಫ್ರೀವೇ ಹಿಡಿದು ಅಷ್ಟು ದೂರ ಹೋಗಿ ನದಿ ಬಯಲಿನಲ್ಲಿ ಹನ್ನೆರಡು ಎಕರೆ ಖುಷ್ಕಿ ಕೊಂಡ. ಪಕ್ಕದ ಹೊಲದಲ್ಲಿ ಹಸಿರು ಬಣ್ಣ ಬಳಿದ ಗ್ಯಾಸ್ ಬಾವಿಯೊಂದು ನಿಂತಿತ್ತು. ಪಕ್ಕದವರ ಬೋರಿನಲ್ಲಿ ನೀರು ಬಿದ್ದರೆ ನಮ್ಮದರಲ್ಲೂ ಬೀಳಬೇಕಲ್ಲ ಎಂಬುದು ಅವನ ಭೂವಿಜ್ಞಾನ. ಜಮೀನು ಮಾರಿದವಳು ಮಿಸೆಸ್ ಸಿಲ್ವೇರಾ ಎಂಬ ಎಂಬತ್ತರ ಮುದುಕಿ, ಗಂಡ ಇಲ್ಲದವಳು. ಅವಳ ಮಾವನ ಕಾಲದಲ್ಲಿ ಪೋರ್ಚುಗಲ್ಲಿನ ಯಾವುದೋ ದ್ವೀಪದಿಂದ ಬಂದು ನೆಲೆನಿಂತ ಒಕ್ಕಲು.

ಕ್ರಯಪತ್ರಕ್ಕೆ ಸಹಿ ಹಾಕುವ ದಿನ ಹೇಮಶ್ರೀ, "ರೀ, ಪೂರ್ತಿ ಓದಿ" ಎಂದಿದ್ದಳು.

"ಓದೋದೇನಿದೆ ಹೇಮಾ? ನಮ್ಮ ತಾತ ಬರೆಸಿದ ಪತ್ರದಲ್ಲೂ ಇದೇ ಇರೋದು. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಎಲ್ಲಾ ಸೇರಿಸಿ ಕ್ರಯ. ಭೂಮಿ ಕೊಂಡ್ರೆ ಪಾತಾಳದವರೆಗೂ ನಮ್ದೇ" ಎಂದು ಅವನು ಸಹಿ ಜಾಡಿಸಿದ. ಮಂಡ್ಯದ ಸಬ್‌ರಿಜಿಸ್ಟ್ರಾರ್ ಆಫೀಸಿನ ಕನ್ನಡವನ್ನು ಕ್ಯಾಲಿಫೋರ್ನಿಯಾದ ಇಂಗ್ಲಿಷಿನಲ್ಲಿ ಓದಿಕೊಂಡ ಮೊದಲ ಮನುಷ್ಯ ಅವನೇ ಇರಬೇಕು.

ಹೇಮಶ್ರೀಗೆ ಪಾತಾಳದ ಗೊಡವೆ ಇರಲಿಲ್ಲ. ಜಮೀನಿನ ಪೂರ್ವದ ಮೂಲೆಯಲ್ಲಿ, ನೀರಿನ ಅನುಕೂಲ ಇದ್ದ ಕಡೆ, ಒಂದು ತುಂಡು ನೆಲ ಹದಮಾಡಿ ಅವರೆ ಹಾಕಿದ್ದಳು. ಹೊಳೆನರಸೀಪುರದ ಅವಳ ತಾಯಿ ವರ್ಷವರ್ಷವೂ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು ಉಳಿಸಿಕೊಂಡು ಬಂದ ತಳಿ ಅದು. ಕಾಯಿ ಮುಟ್ಟಿದರೆ ಸಾಕು, ಬೆರಳಿಗೆ ಹತ್ತಿದ ಸೊಗಡು ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ತಾಯಿ ಆ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡಿದ್ದಳು. ಊರಿಗೆ ಫೋನು ಮಾಡಿ ಬೀಜದ ಗಡಿಗೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದರೆ ಅತ್ತಿಗೆ, "ಅಯ್ಯೋ, ಹುಳ ಬಿದ್ದಿತ್ತು ಕಣಮ್ಮಾ, ದನಕ್ಕೆ ಹಾಕ್ಬಿಟ್ವಿ. ಈಗ ಅಂಗಡೀಲಿ ಹೈಬ್ರಿಡ್ಡೇ ಸಿಗುತ್ತಲ್ಲ" ಎಂದಿದ್ದಳು. ಅಲ್ಲಿಗೆ ಆ ತಳಿ ಭೂಮಿಯ ಮೇಲೆ ಉಳಿದದ್ದು ಹೇಮಶ್ರೀಯ ಹೊಲದಲ್ಲಿ ಮಾತ್ರ. ತಾಯಿ ಹಿಂದೆ ಕೊಟ್ಟಿದ್ದ ಹಿಡಿ ಬೀಜವನ್ನೆಲ್ಲ ಅವಳು ಬಿತ್ತಿಬಿಟ್ಟಿದ್ದಳು. ಗಿಡ ಚೆನ್ನಾಗಿ ಬಂತು, ಅಕ್ಟೋಬರಿನ ಹೊತ್ತಿಗೆ ಕಾಯಿ ತುಂಬಿತು. ಆದರೆ ಬೀಜಕ್ಕಾಗಬೇಕಾದರೆ ಕಾಯಿ ಗಿಡದಲ್ಲೇ ಒಣಗಬೇಕು, ಅದಕ್ಕೆ ಇನ್ನೂ ಒಂದು ತಿಂಗಳಾದರೂ ಬೇಕಿತ್ತು.

ಆಗ ಬಂದ ಡೇಲ್. ಗ್ಯಾಸ್ ಕಂಪನಿಯ ಪರವಾಗಿ ಜಮೀನುದಾರರ ಮನೆಬಾಗಿಲು ತಿರುಗಿ, ಬಾವಿ ಕೊರೆಯಲು ಸಹಿ ಹಾಕಿಸಿಕೊಳ್ಳುವುದು ಅವನ ಕೆಲಸ. ಆ ವರ್ಷ ಗ್ಯಾಸಿನ ಬೆಲೆ ಗಗನಕ್ಕೇರಿ ಎಲ್ಲ ಕಂಪನಿಗಳಿಗೂ ಹೊಸ ಬಾವಿಯ ಹುಚ್ಚು ಹಿಡಿದಿತ್ತು. ಶನಿವಾರ ಜಮೀನಿನ ಹತ್ತಿರ ಸಿಗುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದ್ದೇ ತಡ, ಹನುಮಂತರಾಜು ಯೂನಿಯನ್ ಸಿಟಿಯ ಕನ್ನಡದವರವರೆಗೂ ಸುದ್ದಿ ಮುಟ್ಟಿಸಿದ. ಶನಿವಾರ ರೇಷ್ಮೆ ಜುಬ್ಬಾ ತೊಟ್ಟು ಹೊರಟ. ಹೇಮಶ್ರೀಯ ಕೈಯಲ್ಲಿ ಕೇಸರಿಬಾತ್.

ಡೇಲ್ ಕೇಸರಿಬಾತ್ ತಿಂದು, ಬಹಳ ಚೆನ್ನಾಗಿದೆ ಎಂದು ಹೇಳಿ, ಟ್ರಕ್ಕಿನ ಮೇಲೆ ನಕ್ಷೆ ಹರಡಿದ.

"ಬಾವಿಗೆ ಎರಡು ಜಾಗ ನೋಡಿದ್ದೇವೆ. ಒಂದು ಆ ದಿಬ್ಬ, ಇನ್ನೊಂದು ಈ ಪೂರ್ವದ ಮೂಲೆ."

"ದಿಬ್ಬ ಬೇಡವೇ ಬೇಡ!" ಹನುಮಂತರಾಜು ಹೌಹಾರಿದ. ದಿಬ್ಬದ ಮೇಲೆ ಅವನು ಮನೆ ಕಟ್ಟುವವನಿದ್ದ. ಮೈಸೂರಿನಿಂದ ವಾಸ್ತು ನೋಡಿಸಿ ನಕ್ಷೆ ತರಿಸಿದ್ದ. "ಮೂಲೆಯಲ್ಲೇ ಕೊರೆಯಿರಿ, ಧಾರಾಳವಾಗಿ ಕೊರೆಯಿರಿ."

ಮೂಲೆಯಲ್ಲಿ ಏನಿದೆ ಎಂಬುದು ಅವನಿಗೆ ಹೊಳೆದದ್ದು ಹೆಂಡತಿಯ ಮುಖ ನೋಡಿದ ಮೇಲೆ. ತುಟಿ ಕಚ್ಚಿಕೊಂಡ. ಹೋಗಲಿ, ಗ್ಯಾಸು ಬಂದರೆ ಅವರೆಯ ತೋಟವನ್ನೇ ಮಾಡಿಕೊಡೋಣ ಎಂದು ಸಮಾಧಾನ ಮಾಡಿಕೊಂಡು, "ರಾಯಲ್ಟಿ ನಮಗೆ ಎಷ್ಟು ಬರುತ್ತದೆ?" ಎಂದು ಡೇಲ್‌ನನ್ನು ಕೇಳಿದ.

ಡೇಲ್ ಮರ್ಯಾದಸ್ಥ. ತಕ್ಷಣ ಉತ್ತರ ಕೊಡದೆ ಇನ್ನೊಂದು ತುತ್ತು ಕೇಸರಿಬಾತ್ ಬಾಯಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದ. ಇಲ್ಲಿ ನೆಲ ಒಬ್ಬರದು, ನೆಲದ ಕೆಳಗಿನ ಖನಿಜದ ಹಕ್ಕು ಇನ್ನೊಬ್ಬರದು ಆಗಿರಬಹುದು. ಮಿಸೆಸ್ ಸಿಲ್ವೇರಾ ಮಾರುವಾಗ ಮೇಲಿನದನ್ನು ಮಾತ್ರ ಮಾರಿ ಕೆಳಗಿನದನ್ನು ತನಗೇ ಉಳಿಸಿಕೊಂಡಿದ್ದಾಳೆ, ಕ್ರಯಪತ್ರದಲ್ಲಿ ಸ್ಪಷ್ಟವಾಗಿ ಇದೆ. ಈಗ ಕಂಪನಿಗೆ ಲೀಸು ಬರೆದುಕೊಟ್ಟಿರುವವಳೂ ಅವಳೇ. ಗ್ಯಾಸು ಬಂದರೆ ಆರರಲ್ಲೊಂದು ಪಾಲು ಅವಳಿಗೆ. ಮೇಲಿನವರಿಗೆ ಹಾಳಾದ ಬೆಳೆಯ ಬೆಲೆ ಸಿಗುತ್ತದೆ.

"ನಾನು ಆಗುವುದಿಲ್ಲ ಅಂದರೆ?"

"ಕೆಳಗಿನವರಿಗೆ ಮೇಲಿನಿಂದ ದಾರಿ ಬಿಡಲೇಬೇಕು ಸರ್. ಎಲ್ಲಿ ಅನ್ನುವುದನ್ನು ಮಾತಾಡಿಕೊಳ್ಳಬಹುದು, ಅಷ್ಟೆ. ನೀವಾಗಲೇ ಮೂಲೆ ಅಂದಿದ್ದೀರಿ. ಮುಂದಿನ ಶನಿವಾರ ಪೇಪರು ತರುತ್ತೇನೆ, ಸೋಮವಾರ ಬುಲ್ಡೋಜರು ಬರುತ್ತದೆ."

ವಾಪಸು ಬರುವಾಗ ಕಾರಿನಲ್ಲಿ ಹನುಮಂತರಾಜುವಿನ ಮುಖ ನೋಡುವ ಹಾಗಿರಲಿಲ್ಲ. ಹೇಮಶ್ರೀಗೆ ಪಾಪ ಅನ್ನಿಸಿತು, ನಗುವೂ ಬಂತು.

"ಅಂದ್ರೆ ಡಬ್ಬ ಅವರದು, ಮುಚ್ಚಳ ಮಾತ್ರ ನಮ್ದು, ಅಲ್ವೇನ್ರೀ?" ಎಂದಳು. ಅವಳು ನಕ್ಕಳು, ಅಷ್ಟರಲ್ಲೇ ಅವರೆ ನೆನಪಾಗಿ ನಗು ಅರ್ಧಕ್ಕೇ ನಿಂತಿತು.

ಆದರೆ ಹನುಮಂತರಾಜು ಸೋತು ಕೂರುವ ಆಸಾಮಿಯಲ್ಲ. ಭಾನುವಾರ ಕಾಫಿ ಮುಗಿಯುವುದರೊಳಗೆ ಅವನಿಗೆ ಹೊಸ ದಾರಿ ಕಂಡಿತ್ತು. "ಬೆಳೆ ಪರಿಹಾರ ಅಂದ್ನಲ್ಲ, ಸುಮ್ನೆ ಬಿಡ್ತೀನಾ? ಈ ದೇಶದಲ್ಲೇ ಇಲ್ಲದ ಬೆಳೆ ಅದು. ಬೆಲೆ ನಾವು ಹೇಳಿದ್ದೇ!" ಎಂದು ಕಂಪ್ಯೂಟರಿನ ಮುಂದೆ ಕೂತು ಗಿಡಕ್ಕಿಷ್ಟು, ಕಾಯಿಗಿಷ್ಟು, ಸೊಗಡಿಗೆ ಬೇರೆ ಇಷ್ಟು ಎಂದು ಪಟ್ಟಿ ಮಾಡತೊಡಗಿದ.

"ನಂಗೆ ದುಡ್ಡು ಬೇಡ ರೀ, ಬೀಜ ಬೇಕು."

"ದುಡ್ಡಿದ್ರೆ ಎಂಥ ಬೀಜ ಬೇಕಾದ್ರೂ ತರಿಸ್ಬಹುದು ಕಣೇ."

"ಎಲ್ಲಿಂದ? ಹೇಳಿ, ಎಲ್ಲಿಂದ ತರಿಸ್ತೀರಿ?"

ಅವನು ಮತ್ತೆ ಪಟ್ಟಿಯ ಕಡೆ ತಿರುಗಿದ. ಹೇಮಶ್ರೀಗೆ ಎಂಥ ಸಿಟ್ಟು ಬಂತೆಂದರೆ, ಆ ವಾರವೆಲ್ಲ ಅವನಿಗೆ ಹಾಲಿಲ್ಲದ ಕಾಫಿ.

ಮಂಗಳವಾರ ಅವಳು ಒಬ್ಬಳೇ ಕಾರು ತೆಗೆದುಕೊಂಡು ರಿಯೊ ವಿಸ್ತಾಕ್ಕೆ ಹೋಗಿ ಮಿಸೆಸ್ ಸಿಲ್ವೇರಾಳ ಬಾಗಿಲು ತಟ್ಟಿದಳು. ಮುದುಕಿ ಒಳಗೆ ಕರೆದು, ಕೂರಿಸಿ, ಗಟ್ಟಿ ಬ್ರೆಡ್ಡೂ ಚೀಸೂ ಇಟ್ಟು, ಮೊದಲು ತಾನೇ ನಕ್ಕಳು.

"ನಿನ್ನ ಗಂಡ ಪಕ್ಕದ ಬಾವಿಯನ್ನೇ ನೋಡುತ್ತ ನಿಂತಿದ್ದ ಕಣಮ್ಮಾ. ಕೆಳಗಿನದು ಯಾರದು ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಮಂಡಿನೋವು ಬಂದು ಮೇಲಿನದನ್ನು ಮಾರಿದೆ. ಕೆಳಗಿನದಕ್ಕೆ ಬಗ್ಗಿ ಏಳುವ ಕೆಲಸವಿಲ್ಲವಲ್ಲ, ಇಟ್ಟುಕೊಂಡೆ."

ಹೇಮಶ್ರೀಗೂ ನಗು ತಡೆಯಲಿಲ್ಲ. ಆಮೇಲೆ ಅವರೆಯ ಸಂಗತಿ ಹೇಳಿದಳು. ತಾಯಿಯ ಹೆಸರು ಬಂದ ಕಡೆ ಇಂಗ್ಲಿಷ್ ಕೈಕೊಟ್ಟಿತು, ಕನ್ನಡದಲ್ಲೇ ನಾಲ್ಕು ಮಾತಾಡಿದಳು. ಮುದುಕಿ ಅದನ್ನೂ ಕೇಳಿಸಿಕೊಂಡಳು. ಎದ್ದು, ಹಿತ್ತಲ ಬೇಲಿಯುದ್ದಕ್ಕೂ ಮಾಡಿಟ್ಟಿದ್ದ ಸಾಲುಗಳನ್ನು ತೋರಿಸಿದಳು. ಅವರ ಕಡೆಯ ದಪ್ಪ ಅವರೆಯಂಥ ಕಾಳು, ಅತ್ತೆ ಕೊಟ್ಟ ಬೀಜ, ಮಂಡಿನೋವಿದ್ದರೂ ಆ ಸಾಲುಗಳನ್ನು ಬಿಟ್ಟಿರಲಿಲ್ಲ. ನಿಂತ ಹಾಗೆಯೇ ಡೇಲ್‌ಗೆ ಫೋನು ಹಚ್ಚಿ ಒಂದಷ್ಟು ಹೊತ್ತು ಜಗಳದ ದನಿಯಲ್ಲಿ ಮಾತಾಡಿದಳು.

"ಕಾಯಿ ಒಣಗುವವರೆಗೆ ಕಾಯಲು ಕಂಪನಿ ಒಪ್ಪುವುದಿಲ್ಲವಂತೆ. ದಿಬ್ಬಕ್ಕೆ ಹೋಗಬೇಕಾದರೆ ರಸ್ತೆ ಉದ್ದ, ಖರ್ಚು ಹೆಚ್ಚು ಅಂತಾನೆ. ಖರ್ಚು ಅವರು ಮಾಡಲಿ, ನಾನು ಮಾಡಿಸುತ್ತೇನೆ. ಆದರೆ ದಿಬ್ಬ ನಿನ್ನ ಗಂಡನದು. ಒಮ್ಮೆ ಬಾವಿ ಬಂದರೆ ನಮ್ಮ ಕಾಲಕ್ಕೆ ಅಲ್ಲಿ ಮನೆ ಏಳುವುದಿಲ್ಲ. ಅವನನ್ನೇ ಕೇಳು."

ಹೇಮಶ್ರೀ ಹೋದದ್ದನ್ನೂ ಬಂದದ್ದನ್ನೂ ಊಟದ ಹೊತ್ತಿನಲ್ಲಿ ಗಂಡನಿಗೆ ಹೇಳಿದಳು. ಮುದುಕಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು. ಆದರೆ ದಿಬ್ಬ ಬಿಟ್ಟುಕೊಡಿ ಎಂದು ಮಾತ್ರ ಕೇಳಲಿಲ್ಲ. ಕೇಳಿದ ಮೇಲೆ ಕೊಟ್ಟರೆ ಅದು ದಾನ, ಕೊಡದಿದ್ದರೆ ಜನ್ಮದ ಜಗಳ. ಎರಡೂ ಅವಳಿಗೆ ಬೇಡವಾಗಿತ್ತು. ಹನುಮಂತರಾಜು ತಟ್ಟೆ ನೋಡುತ್ತ, "ವಾಸ್ತು ನೋಡ್ಸಿದ ಜಾಗ ಅದು" ಎಂದಷ್ಟೇ ಅಂದು ಕೈ ತೊಳೆದ.

ಶನಿವಾರ ಮೂವರೂ ಅವರೆ ಸಾಲಿನ ಬದಿಯಲ್ಲಿ ನಿಂತಿದ್ದರು. ಡೇಲ್ ಪೇಪರು ತೆರೆದು ಪೆನ್ನು ತೆಗೆದ. "ಇದು ಯಾವ ಬೆಳೆ? ನಮ್ಮ ಪಟ್ಟಿಯಲ್ಲಿ ಟೊಮೇಟೊ ಇದೆ, ಜೋಳ ಇದೆ, ಕುದುರೆಮಸಾಲೆ ಹುಲ್ಲಿದೆ. ಇದು ಇಲ್ಲ. ಬೆಲೆ ಏನೆಂದು ಹಾಕಲಿ?"

ಹನುಮಂತರಾಜು ತನ್ನ ಪಟ್ಟಿಯನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡ. ಇಂಥ ಅವಕಾಶವನ್ನು ಅವನೆಂದೂ ಬಿಟ್ಟವನಲ್ಲ.

"ಇದು ಬೀನ್ಸ್ ಅಲ್ಲ ಡೇಲ್, ಅವರೆ. ಇದರ ಸಾರು ಕುದಿಯುತ್ತಿದ್ದರೆ ಬೀದಿಯ ಆ ತುದಿಯವರಿಗೂ ಗೊತ್ತಾಗುತ್ತದೆ. ನಾನು ಮದುವೆಯಾದ ಹೊಸದರಲ್ಲಿ ಅತ್ತೆಮನೆಗೆ ಹೋಗಿದ್ದೆ. ನನ್ನ ಅತ್ತೆ ಈ ಕಾಳನ್ನು ನೆನೆಹಾಕಿ, ಒಂದೊಂದನ್ನೂ ಹಿತಕಿ ಸಿಪ್ಪೆ ತೆಗೆದರು. ಒಂದೊಂದನ್ನೂ! ಬೆಳಿಗ್ಗೆಯಿಂದ ಕೂತಿದ್ದರು. ಬೆರಳ ತುದಿ ಬಿಳುಚಿಕೊಂಡು ಸುಕ್ಕಾಗಿತ್ತು. ಆ ಬೆರಳಲ್ಲೇ ಬಡಿಸಿದರು. ನಾನು ಸಾಕು ಅಂದರೆ ಅವರು..."

ಅಲ್ಲಿಗೆ ಮಾತು ನಿಂತಿತು. ಹೇಮಶ್ರೀ ತಲೆಯೆತ್ತಿ ನೋಡಿದಳು. ಮದುವೆಯಾದಾಗಿನಿಂದ ಈ ಮನುಷ್ಯನ ಬಡಾಯಿ ನಡುವೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ಅವನು ಗಿಡಗಳ ಕಡೆ ನೋಡುತ್ತಿದ್ದ.

"ಬೆಲೆ, ಸರ್?" ಡೇಲ್ ಮೆಲ್ಲಗೆ ಕೇಳಿದ.

ಹನುಮಂತರಾಜು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಹಾಕಬೇಡ. ಇದನ್ನು ಮುಟ್ಟಲೂ ಬೇಡ. ನಿನ್ನ ಯಂತ್ರ ತೆಗೆದುಕೊಂಡು ದಿಬ್ಬಕ್ಕೆ ಹೋಗು."

"ಗೊತ್ತಿದೆಯಲ್ಲ ಸರ್, ಅಲ್ಲಿ ಮನೆ..."

"ಗೊತ್ತು. ಮನಸ್ಸು ಬದಲಾಗುವುದರೊಳಗೆ ಪೇಪರು ಕೊಡು ಮಾರಾಯ."

ಡೇಲ್ ಟ್ರಕ್ಕಿನ ಮೇಲೆ ಪೇಪರು ತಿದ್ದಿ ಕೊಟ್ಟ. ಹನುಮಂತರಾಜು ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ದಿಬ್ಬ ಹತ್ತಿದ. ಮನೆಯ ಅಳತೆಗೆಂದು ತಾನೇ ಹೊಡೆದಿದ್ದ ಗೂಟಗಳನ್ನು ಒಂದೊಂದಾಗಿ ಅಲುಗಾಡಿಸಿ ಕಿತ್ತ. ಹೇಮಶ್ರೀ ಹಿಂದೆಯೇ ಹೋಗಿ ಕೊನೆಯದಕ್ಕೆ ಕೈ ಹಾಕಿದಳು. ನೆಲ ಗಟ್ಟಿಯಿತ್ತು, ಇಬ್ಬರೂ ಸೇರಿ ಎಳೆಯಬೇಕಾಯಿತು. ಕೆಳಗೆ ಡೇಲ್‌ನ ಟ್ರಕ್ಕು ಹೊರಟುಹೋಯಿತು.

ಅವನು ಬೆವರೊರೆಸಿಕೊಳ್ಳುತ್ತ ಗೂಟದ ರಾಶಿಯ ಪಕ್ಕ ಕುಕ್ಕರಿಸಿದ. "ಗ್ಯಾಸೂ ಹೋಯ್ತು, ಮನೇನೂ ಹೋಯ್ತು. ನಿಮ್ಮಮ್ಮ ಇದ್ದಿದ್ರೆ ಬಿದ್ದು ಬಿದ್ದು ನಕ್ಕಿರೋರು."

ಕೀಟಲೆಗೆಂದೇ ಹುಟ್ಟಿದ ನಾಲಿಗೆ ಹೇಮಶ್ರೀಯದು. ಅವತ್ತು ಅದು ಕೆಲಸ ಮಾಡಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳದೆ ಅವನ ಪಕ್ಕದಲ್ಲೇ ಕೂತಳು.

"ನಗ್ತಿರ್ಲಿಲ್ಲ ರೀ. ನೀವು ಸಾಕು ಸಾಕು ಅಂದ್ರೂ ಕೇಳ್ದೆ, ಇನ್ನೊಂದು ಸೌಟು ಬಡಿಸ್ತಿದ್ರು."