ಲೇತಿನ ಹಿತ್ತಾಳೆ ಟೋಪಿ

ಗಂಡ ವಿನಾರ್ನೊ ಸತ್ತ ಮೇಲಿನ ಏಳು ರಾತ್ರಿಯ ಪ್ರಾರ್ಥನೆ ಮುಗಿದು ಎಂಟನೆಯ ಬೆಳಗ್ಗೆ ಮನೆಗೆ ಯಾರೂ ಬರಲಿಲ್ಲ. ನಸ್ತಿತಿ ಅಂಗಳವನ್ನು ಎರಡು ಸಲ ಗುಡಿಸಿದಳು. ಕಸವಿರಲಿಲ್ಲ, ಮೂರನೆಯ ಸಲವೂ ಗುಡಿಸಿದಳು. ಕೂತರೆ ಕಾಲು ತಾನಾಗಿ ಏಳುತ್ತಿತ್ತು. ಕೊನೆಗೆ ಗಂಡನ ಕೆಲಸದ ಶೆಡ್ಡಿಗೆ ಹೋದಳು.

ಜನ ಕೂರಲೆಂದು ಕಟ್ಟಿದ್ದ ಟಾರ್ಪಾಲಿನ ತಂತಿ ಒಂದು ಕಡೆ ಸೀಬೆಮರಕ್ಕಿತ್ತು. ಇನ್ನೊಂದು ತುದಿಯನ್ನು ಯಾವನೋ ಪುಣ್ಯಾತ್ಮ ಮರ ತಿರುಗಿಸಿ ಕಡೆಯುವ ಲೇತಿನ ದಂಡದ ಮೂತಿಗೇ ಬಿಗಿದಿದ್ದ.

ಆ ಮೂತಿಯ ಮೇಲಿನ ಸ್ಕ್ರೂ ಗೆರೆಗಳನ್ನು, ಥ್ರೆಡ್ಡನ್ನು, ವಿನಾರ್ನೊ ಬರಿದಾಗಿ ಬಿಟ್ಟವನೇ ಅಲ್ಲ. ಡೋಲಿನ ಮರ ಹಿಡಿಯುವ ಚಕ್ಕು ಕೂರುವುದು ಅದರ ಮೇಲೆ. ಉಳಿ ಜಾರಿ ತಗುಲಲಿ, ವಾರ್ನಿಷ್ ಹನಿ ಬಿದ್ದು ಒಣಗಲಿ, ಚಕ್ಕು ಓರೆಯಾಯಿತೆಂದೇ ಲೆಕ್ಕ. ಚಕ್ಕು ಬಿಚ್ಚಿದ ಕೂಡಲೇ ಅವನು ಅಲ್ಲೊಂದು ಹಿತ್ತಾಳೆ ಟೋಪಿ ತಿರುಗಿಸಿ ಮುಚ್ಚುತ್ತಿದ್ದ. ಟೋಪಿ ಅವನದಲ್ಲ, ಡೋಲು ಮಾಡುವ ಮುದುಕ ಕಸ್ಮಿರಾನರದು. ಮೂರು ದಿನಕ್ಕೆಂದು ಕೇಳಿ ತಂದದ್ದು.

ಹೆಣ ಎತ್ತುವ ಮುನ್ನ, ಸತ್ತವರ ಕಾರ್ಯ ಮಾಡಿಸುವ ಊರ ಮೊದಿನ್ ಕೇಳಿದ್ದರು: "ಇವನಿಂದ ಯಾರಿಗಾದ್ರೂ ಏನಾದ್ರೂ ಬರೋದಿದ್ರೆ ಈಗಲೇ ಹೇಳಿಬಿಡಿ. ಪಾಪ, ದಾರೀಲಿ ನಿಲ್ಲಿಸಬೇಡಿ." ಕಸ್ಮಿರಾನ್ ಕೋಲೂರಿ ನೆಲ ನೋಡುತ್ತಿದ್ದರು. ಟೋಪಿಯ ಮಾತೆತ್ತಲಿಲ್ಲ. ಆ ಟೋಪಿಯ ಋಣ ತೀರದೆ ವಿನಾರ್ನೊ ಇನ್ನೂ ದಾರಿಯಲ್ಲೇ ನಿಂತಿದ್ದಾನೆ ಎಂದು ಅವತ್ತಿನಿಂದ ನಸ್ತಿತಿಗೆ ಅನಿಸುತ್ತಿತ್ತು.

ಈಗ ಟೋಪಿಯೇ ಇರಲಿಲ್ಲ. ಉಳಿಗಳ ಪೆಟ್ಟಿಗೆ, ಮರದ ಹೊಟ್ಟು, ಬೆಂಚಿನ ಕೆಳಗೆ, ಎಲ್ಲ ಕಡೆ ತಡಕಿದಳು.

ಪಕ್ಕದ ಮನೆಯ ಹಿರಿಯಾಕೆ ಬು ಪೊನಿರಾ ತನ್ನ ಕೆಟಲು ಒಯ್ಯಲು ಬಂದಳು. "ಏನು ಹುಡುಕ್ತಿದೀಯೆ, ತಿತಿ?"

"ಹಿತ್ತಾಳೇದು, ಬು. ಟೋಪಿ ಥರ ಇತ್ತಲ್ಲ."

"ಅಯ್ಯೋ, ಗಂಡಸರು ಸಿಗರೇಟಿನ ಬೂದಿ ಕೊಡವ್ತಿದ್ರಲ್ಲ, ಅದಾ? ಒಳ್ಳೇ ಆ್ಯಶ್‌ಟ್ರೇ ಅಂದ್ಕೊಂಡೆ. ಪಾತ್ರೆ ಬುಟ್ಟೀಲಿದೆ ನೋಡು."

ನಸ್ತಿತಿ ಬುಟ್ಟಿಯಿಂದ ಟೋಪಿ ತಂದು ಬೂದಿ ಕೊಡವಿದಳು, ತಂತಿ ಬಿಚ್ಚಿದಳು. ಬರಿ ಥ್ರೆಡ್ಡು ಕಣ್ಣಿಗೆ ಬಿದ್ದದ್ದೇ ತಡ, ಟೋಪಿಯನ್ನು ಅದರ ಮೇಲೆ ತಿರುಗಿಸಿಯೇಬಿಟ್ಟಳು. ಕೈ ತಾನಾಗಿ ಮಾಡಿದ ಕೆಲಸ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಅದು ಕಚ್ಚಿಕೊಂಡಿತು. ತಂತಿ ಎಳೆದ ಕಡೆ ಥ್ರೆಡ್ಡು ನಜ್ಜಾಗಿತ್ತು. ಟೋಪಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹಿಂತಿರುಗಿಸಬೇಕಾದದ್ದನ್ನೇ ಸಿಕ್ಕಿಸಿದ್ದಳು.

"ಸುತ್ತಿಗೇಲಿ ಒಂದು ಕೊಡು," ಎಂದಳು ಪೊನಿರಾ.

"ಒಡೆದ್ರೆ?"

"ಒಡೆದ್ರೆ ಮುದುಕ ನಿನ್ನ ನುಂಗ್ತಾನಾ?"

"ಒಡೆದದ್ದನ್ನ ಕೊಟ್ರೆ ಕೊಟ್ಟ ಹಾಗಾಗಲ್ಲ, ಬು."

ಸುತ್ತಿಗೆ ಆಗಲೇ ನಸ್ತಿತಿಯ ಕೈಯಲ್ಲಿತ್ತು. ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಕಾದರೆ ಹಿತ್ತಾಳೆ ದಂಡದ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ: ಮಲಾಂಗ್‌ನ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ ಭೌತಶಾಸ್ತ್ರದಲ್ಲಿ ಅಷ್ಟು ಉಳಿದಿತ್ತು. ಸುತ್ತಿಗೆಯನ್ನು ಪೊನಿರಾಳ ಕೈಗೆ ಕೊಟ್ಟು ಕೆಟಲು ಇಸಿದುಕೊಂಡಳು.

ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಟೋಪಿಗೆ ಸುತ್ತಿ ನಿಂತಳು. ಸುಮ್ಮನೆ ನಿಲ್ಲುವುದೇ ಕಷ್ಟವಾಗಿತ್ತು. ಬಟ್ಟೆ ಬದಲಿಸಿದಳು, ಎಣ್ಣೆ ಬಿಟ್ಟಳು, ಮತ್ತೆ ಬದಲಿಸಿದಳು. ನಾಲ್ಕನೆಯ ಸಲ ಬಟ್ಟೆಯ ಮೇಲಿಂದಲೇ ತಿರುವಿದಾಗ ಟೋಪಿ ಕಿರುಗುಟ್ಟಿ ಕೈಗೆ ಬಂತು. ಬೆರಳು ಸುಟ್ಟದ್ದು ಆಮೇಲೆ ತಿಳಿಯಿತು.

ಥ್ರೆಡ್ಡಿನ ನಜ್ಜನ್ನು ಮೂರುಮೂಲೆ ಅರದಿಂದ ಮೆಲ್ಲಗೆ ಉಜ್ಜಿ, ಎಣ್ಣೆ ಹಚ್ಚಿ, ಟೋಪಿಯ ಬದಲು ಸೈಕಲ್ ಟ್ಯೂಬಿನ ತುಂಡೊಂದನ್ನು ಏರಿಸಿದಳು. ಸದ್ಯಕ್ಕೆ ಸಾಕು.

ಅವಳು ಟೋಪಿ ಹಿಡಿದು ಹೋದಾಗ ಕಸ್ಮಿರಾನ್ ತಮ್ಮ ಮನೆಯ ಜಗಲಿಯ ಮೇಲೆ ಡೋಲಿನ ಚರ್ಮ ನೆನೆಸುತ್ತಿದ್ದರು. ಟೋಪಿ ನೋಡಿ ನಕ್ಕರು. "ಮೂರು ದಿನ ಅಂದಿದ್ದ ನಿನ್ನ ಗಂಡ. ಮೂರು ಹಬ್ಬ ಕಳೀತು."

"ಅವತ್ತು ಮೊದಿನ್ ಕೇಳಿದಾಗ ಯಾಕೆ ಸುಮ್ಮನಿದ್ರಿ, ಪಾಕ್ ಕಸ್ಮಿರಾನ್?"

"ಹೆಣದ ಮುಂದೆ ಟೋಪಿ ಕೇಳ್ಲೇನು? ಇಟ್ಕೋ ಮಗಾ. ನಿಮ್ಮ ಲೇತಿಗೂ ಬೇಕಲ್ಲ."

"ಬೇಡ. ಒಳಗೆ ಒಂದು ಸುತ್ತು ಕೆರೆದಿದೆ, ನಾನೇ ಮಾಡಿದ್ದು. ತಗೊಳ್ಳಿ. ತಗೊಂಡು, ಬಂತು ಅಂತ ಬಾಯಿಬಿಟ್ಟು ಹೇಳಿ."

ಮುದುಕರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತರು. ಟೋಪಿಯೊಳಗೆ ಬೆರಳಾಡಿಸಿ, ಕೆರೆದ ಕಡೆ ಒಂದು ಗಳಿಗೆ ನಿಲ್ಲಿಸಿದರು. ಮಾತು ಅವಳಿಗಲ್ಲ, ಬೀದಿಯ ಕಡೆಗೆ.

"ಮುಟ್ಟಿತಪ್ಪ, ವಿನಾರ್ನೊ. ನೀನಿನ್ನು ಹೊರಡು."