ಚಾಪೆ ಎತ್ತುವವರೆಗೆ

"ತಿಂಡಿ ಹೊತ್ತು ಮೀರಿದ್ಮೇಲೆ ಕ್ಷಮೆ ಕೇಳೋಕೆ ಬಂದೋರ್ನ ಇವತ್ತೇ ನೋಡಿದ್ದು," ಎಂದು ಮನೆಯೊಳಗಿನಿಂದ ಯಾರೋ ಹೆಂಗಸು ಹೇಳಿದಳು. ಇನ್ನೊಬ್ಬಳು ನಕ್ಕಳು.

ಪೆಟೆಲೊ ಅಂಗಳದಲ್ಲಿ ಮೈಮೇಲೆ ಹೊದ್ದ ಚಾಪೆಯ ಕೆಳಗೆ ತಲೆ ತಗ್ಗಿಸಿ ಕುಳಿತಿದ್ದ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೀಗೆ ಚಾಪೆ ಹೊದ್ದು ಕ್ಷಮೆ ಕೇಳಲು ಬರುವವರು ನಸುಕಿನಲ್ಲೇ, ಮನೆಯವರು ಕಣ್ಣು ಬಿಡುವ ಮೊದಲೇ ಬಂದು ಕುಳಿತಿರಬೇಕು. ಆದರೆ ಜೈಲಿನ ಟ್ರಕ್ಕು ಅವನನ್ನು ಅಪಿಯಾ ಪಟ್ಟಣದ ಸಿಮೆಂಟ್ ಇಟ್ಟಿಗೆ ಕಾರ್ಖಾನೆಯಲ್ಲಿ ಇಳಿಸುವುದೇ ಏಳು ಗಂಟೆಗೆ. ಬಿಡುಗಡೆ ಹತ್ತಿರವಾದ ಹತ್ತು ಕೈದಿಗಳನ್ನು ಹಗಲು ಅಲ್ಲಿ ದುಡಿಯಲು ಬಿಡುತ್ತಿದ್ದರು. ನಾಲ್ಕಕ್ಕೆ ಅದೇ ಟ್ರಕ್ಕು ಬಂದು ವಾಪಸು ಒಯ್ಯುತ್ತಿತ್ತು. ಈ ಕಾರ್ಯಕ್ಕೆಂದು ಒಂದು ದಿನದ ರಜೆ ಕೇಳಿದಾಗ ಜೈಲಿನ ಮೇಲಧಿಕಾರಿ, ಅನುಮತಿ ಇರುವುದು ಕೆಲಸಕ್ಕಷ್ಟೇ ಎಂದಿದ್ದ. ಕಾರ್ಖಾನೆಯ ಒಡತಿ ಲುಸಿಯಾ ಮಾತ್ರ, "ಹೋಗ್ಬಾ. ನಾಲ್ಕಕ್ಕೆ ಇಲ್ಲಿರ್ಬೇಕು, ನನ್ ಮಾನ ಕಳೀಬೇಡ," ಎಂದು ಕಳಿಸಿದ್ದಳು.

ಐದು ವರ್ಷದ ಹಿಂದೆ ಅವನು ಕುಡಿದು ಓಡಿಸಿದ ಪಿಕಪ್ ಸೇತುವೆಗೆ ಗುದ್ದಿತ್ತು. ಹಿಂದೆ ಕುಳಿತಿದ್ದ ಗೆಳೆಯ ಲಫಾಯೆಲೆ ಅಲ್ಲೇ ಸತ್ತ. ಈ ಮನೆ ಲಫಾಯೆಲೆಯದು. ಮರುದಿನವೇ ಕ್ಷಮೆ ಕೇಳಲು ಬರಬೇಕಿತ್ತು. ಪೆಟೆಲೊನನ್ನು ಪೊಲೀಸರು ಒಯ್ದಿದ್ದರು. ಮನೆತನದ ಹಿರಿಯ, ದೊಡ್ಡಪ್ಪ ಆಪೆಲು, ಸಕ್ಕರೆ ಕಾಯಿಲೆಗೆ ಕಾಲು ಕೊಟ್ಟು ಆಸ್ಪತ್ರೆಯಲ್ಲಿ ಮಲಗಿದ್ದ. ಯಾರೂ ಬರಲಿಲ್ಲ. ಈಗ ಊರ ಹಿರಿಯರು ಹೇಳಿಬಿಟ್ಟಿದ್ದರು: ಲಫಾಯೆಲೆಯ ತಾಯಿ ಸಿಯೆನಿ ಚಾಪೆ ಎತ್ತಿದರೆ ಅವನು ಊರಿಗೆ ಬರಬಹುದು, ಇಲ್ಲದಿದ್ದರೆ ಜೈಲಿನಿಂದ ಬೇರೆಲ್ಲಿಗಾದರೂ ಹೋಗಲಿ. ಅವಳು ಎತ್ತುವವರೆಗೆ ಏಳುವಂತಿಲ್ಲ. ತಾನಾಗಿ ಎದ್ದವನಿಗೆ ಮತ್ತೆ ಬಂದು ಕೂರುವ ಮುಖವಿರುವುದಿಲ್ಲ.

ಚಾಪೆ ಅಜ್ಜಿ ಹೆಣೆದದ್ದು. ಬಟ್ಟೆಯಷ್ಟು ನುಣುಪು, ನುಸಿಗುಳಿಗೆಯ ವಾಸನೆ. ಅಂಚಿನ ಕೆಂಪು ಪುಕ್ಕಗಳು ಕುತ್ತಿಗೆಗೆ ಚುಚ್ಚುತ್ತಿದ್ದವು.

"ದೊಡ್ಡಪ್ಪಾ, ಗಂಟೆ ಎಷ್ಟು?"

"ಚಾಪೆ ಕೆಳಗೆ ಕೂತೋನು ಗಂಟೆ ಕೇಳ್ಬಾರ್ದು ಕಣೋ." ಆಪೆಲು ಪಕ್ಕದಲ್ಲೇ ಕುರ್ಚಿಯ ಮೇಲೆ, ಊರುಗೋಲು ಹಿಡಿದು ಕುಳಿತಿದ್ದ. "ನನ್ಗೊಂದು ಕಾಲಿಲ್ಲ, ನಿನ್ಗೆ ತಾಳ್ಮೆ ಇಲ್ಲ. ಒಳ್ಳೇ ಜೋಡಿ."

ಬಿಸಿಲು ನೆತ್ತಿಗೆ ಬಂದಾಗ ಸಿಯೆನಿಯ ದನಿ ಮೊದಲ ಸಲ ಕೇಳಿಸಿತು. "ಆ ಹಿರಿಯರ್ಗೆ ನೀರು ಕೊಡಿ. ಬಿಸ್ಲಲ್ಲಿ ಕೂರ್ಸಿ ಕೊಂದ್ರು ಅನ್ನೋ ಮಾತು ನಮ್ಗೆ ಬೇಡ."

ಲೋಟ ಇಟ್ಟ ಸದ್ದಾಯಿತು. ಕುಡಿದ ಸದ್ದಾಗಲಿಲ್ಲ.

ಮಧ್ಯಾಹ್ನದ ಮೇಲೆ ಹಿತ್ತಲಲ್ಲಿ ತೆಂಗಿನಕಾಯಿ ತುರಿಯುವುದು ಶುರುವಾಯಿತು. ಒಂದು ಹೋಳು, ಇನ್ನೊಂದು, ನಿಲ್ಲಲೇ ಇಲ್ಲ.

"ಕೇಳಿಸ್ತಾ?" ಆಪೆಲು ಪಿಸುಗುಟ್ಟಿದ. "ಒಲೇಲಿ ಅಡುಗೆ ಬೇಯ್ಸೋ ಕಲ್ಲು ಕಾಯೋಕಿಟ್ಟಿದಾರೆ, ಹೊಗೆ ಕಾಣ್ತಿದೆ. ಬರೀ ಮನೆಯೋರಿಗಾದ್ರೆ ಇಷ್ಟು ಕಾಯಿ ಬೇಡ."

"ನಮ್ಗೂ ಅಂತೀರಾ?"

"ನಾನೇನೂ ಅನ್ಲಿಲ್ಲ. ಬಾಯ್ಮುಚ್ಕೊಂಡು ಕೂತ್ಕೋ."

ತುರಿಯುವ ಸದ್ದು ಇನ್ನೂ ನಡೆದಿತ್ತು, ಆಗ ರಸ್ತೆಯಲ್ಲಿ ಟ್ರಕ್ಕು ಬಂತು. ಸೈಲೆನ್ಸರ್ ಒಡೆದ ಆ ಗಾಡಿಯನ್ನು ಪೆಟೆಲೊ ನಿದ್ದೆಯಲ್ಲೂ ಗುರುತಿಸಬಲ್ಲ. ನಾಲ್ಕು ಮೀರಿಹೋಗಿತ್ತು.

ಕಾವಲುಗಾರ ಸೆಫೊ ದಾಸವಾಳದ ಬೇಲಿಯ ಬಳಿಯೇ ನಿಂತ. "ಇಲ್ಲಿದೀಯ ಅಂತ ಲುಸಿಯಮ್ಮ ಹೇಳಿದ್ರು. ಎದ್ದು ಬಾಪ್ಪ."

"ಅವ್ರು ಎತ್ತೋವರ್ಗೂ ಏಳಲ್ಲ ಸಾರ್," ಎಂದ ಪೆಟೆಲೊ.

"ಬೇಕಾದ್ರೆ ನೀನೇ ಬಂದು ಎತ್ತು ಸೆಫೊ," ಎಂದ ಆಪೆಲು. "ನೀನೂ ಈ ಸೀಮೆಯೋನೇ ಅಲ್ವಾ."

"ನಾನು ಮುಟ್ಟೋದಿಲ್ಲ ಹಿರೀಕ್ರೇ. ಅದು ಆ ತಾಯಿ ಕೈಲಿರೋದು. ಸಂಜೆ ಪ್ರಾರ್ಥನೆ ಮುಗಿಯೋವರ್ಗೂ ನಿಲ್ತೀನಿ. ಟೈರ್ ಪಂಕ್ಚರ್ ಆಯ್ತು, ಸ್ಟೆಪ್ನಿನೂ ಇರ್ಲಿಲ್ಲ ಅಂತೀನಿ. ಅದಕ್ಕಿಂತ ದೊಡ್ಡ ಸುಳ್ಳು ನನ್ಹತ್ರ ಇಲ್ಲ."

ಹೆಣಿಗೆಯ ಸಂದುಗಳಲ್ಲಿ ಬೆಳಕು ಹಳದಿಯಾಗಿ, ಆಮೇಲೆ ಕಂದುಬಣ್ಣಕ್ಕೆ ತಿರುಗಿತು. ಪ್ರಾರ್ಥನೆಯ ಹೊತ್ತಾಯಿತೆಂದು ಊರಿನ ಶಂಖ ಊದಿದರು. ಓಡಾಟ ನಿಂತಿತು. ಒಳಗೆ ಹಾಡು, ಹಾಡಿನ ನಂತರ ಪ್ರಾರ್ಥನೆ. ಎಲ್ಲರ ನಡುವೆ ಸಿಯೆನಿಯ ದನಿಯನ್ನು ಅವನು ಹಿಡಿದಿದ್ದ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎನ್ನುವಲ್ಲಿ ಅದು ನಿಂತುಹೋಯಿತು. ಉಳಿದವರು ಮುಂದುವರಿಸಿದರು.

ಪ್ರಾರ್ಥನೆ ಮುಗಿಯಿತೆಂದು ಮತ್ತೆ ಶಂಖ. ಯಾರೂ ಹೊರಗೆ ಬರಲಿಲ್ಲ.

"ಸಾಕಪ್ಪ," ಎಂದ ಸೆಫೊ. ಅವನ ದನಿ ಈಗ ಹತ್ತಿರದಿಂದ ಬಂತು. "ನೀನು ಬರ್ದಿದ್ರೆ ತಪ್ಪಿಸ್ಕೊಂಡ ಅಂತ ಬರೀಬೇಕಾಗುತ್ತೆ. ನಾಳೆಯಿಂದ ಟ್ರಕ್ಕಲ್ಲಿರೋ ಅಷ್ಟೂ ಜನಕ್ಕೆ ಗೇಟ್ ಬಂದ್."

ಟ್ರಕ್ಕಿನೊಳಗೆ ಜೊತೆಯ ಕೈದಿ ಎಸೆಕಿಯಾ ಒಮ್ಮೆ ಕೆಮ್ಮಿದ. ಅವನ ಮಗಳು ದಿನವೂ ಮಧ್ಯಾಹ್ನ ಶಾಲೆಯಿಂದ ಬಂದು ಕಾರ್ಖಾನೆಯ ತಂತಿಬೇಲಿಯಾಚೆ ಕೂತು, ಈಚೆ ಕೂತ ಅಪ್ಪನ ಜೊತೆ ಬುತ್ತಿ ತಿನ್ನುತ್ತಿದ್ದಳು.

ಪೆಟೆಲೊ ಕಾಯುತ್ತಲೇ ಇದ್ದ. ಒಳಗೆ ಪಾತ್ರೆ ಸದ್ದಾಯಿತು. ಹೆಜ್ಜೆಯ ಸದ್ದಾಗಲಿಲ್ಲ. ಕೊನೆಗೆ ಅವನು ಚಾಪೆ ಜಗ್ಗದಂತೆ ಎರಡೂ ಕೈಯಿಂದ ಹಿಡಿದು, ಮಂಡಿಯೂರಿ ಹಿಂದಕ್ಕೆ ಸರಿದು ಹೊರಬಂದ.

"ದೊಡ್ಡಪ್ಪಾ..."

ಆಪೆಲು ಕಣ್ಣು ಮುಚ್ಚಿಕೊಂಡಿದ್ದ. "ಹೋಗು. ನಾನು ನೋಡ್ಲಿಲ್ಲ."

ಎಸೆಕಿಯಾ ಕೈ ಚಾಚಿ ಅವನನ್ನು ಟ್ರಕ್ಕಿಗೆ ಎಳೆದುಕೊಂಡ. ಟ್ರಕ್ಕು ಹೊರಟಿತು. ಹಿಂದಿನ ಜಾಲರಿಯಿಂದ ಅಂಗಳ ಕಾಣುತ್ತಿತ್ತು. ಹುಲ್ಲಿನ ಮೇಲೆ ಚಾಪೆ, ಪಕ್ಕದಲ್ಲಿ ಇನ್ನೂ ತಲೆ ತಗ್ಗಿಸಿ ಕುಳಿತ ಮುದುಕ. ಆಗ ಸಿಯೆನಿ ಹೊಸ್ತಿಲಿಗೆ ಬಂದಳು. ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡಳು. ಮೆಟ್ಟಿಲಿಳಿದು ನಡೆದು ಬಂದು, ಬಗ್ಗಿ, ಚಾಪೆಯ ಅಂಚನ್ನು ಹಿಡಿದು ಎತ್ತಿದಳು.

ಅವನು ಕುಳಿತಿದ್ದ ಖಾಲಿ ಹುಲ್ಲನ್ನು ನೋಡಿದಳು. ಆಮೇಲೆ ಅಂಚನ್ನು, ಪುಕ್ಕಗಳು ಮುದುರದಂತೆ, ಮತ್ತೆ ಬಂದು ಕೂರುವವನಿಗೆಂಬಂತೆ ಮೊದಲಿದ್ದಲ್ಲೇ ಇಳಿಸಿದಳು.